ಬುಕಿಂಗ್ ಇಲ್ಲ, ಮೆನು ದಿನಕ್ಕೊಂದು: ಆರು ಜನ ಊಟಕ್ಕೆ ಹೋಗೋದು ಹೇಗೆ?

ಗಿರಿನಗರ ಗುಂಡ

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದ ಬಡಾವಣೆಗಳಲ್ಲಿ ಈಗ ಒಂದು ಥರದ ಸಣ್ಣ ಹೋಟೆಲುಗಳು ಹೆಚ್ಚಾಗಿವೆ. ಹಳೇ ಮನೆಯ ಹಜಾರವೇ ಊಟದ ಕೋಣೆ, ಏಳೆಂಟು ಟೇಬಲ್ಲು, ಗೋಡೆ ಮೇಲೊಂದು ಕರಿಹಲಗೆ, ಅವತ್ತಿನ ಅಡುಗೆ ಅದರಲ್ಲಿ ಸೀಮೆಸುಣ್ಣದಲ್ಲಿ. ಫೋನ್ ಮಾಡಿದರೆ "ಬುಕಿಂಗ್ ಇಲ್ಲ ಸಾರ್, ಬಂದು ಹೆಸರು ಬರೆಸಿ" ಅನ್ನೋದು ಒಂದೇ ಉತ್ತರ. ಮಲೆನಾಡು, ಕರಾವಳಿ ಅಡುಗೆ ಮಾಡುವ ಅಂಥದೊಂದು ಜಾಗಕ್ಕೆ ಜುಲೈ ಕೊನೇ ಭಾನುವಾರ ಮಧ್ಯಾಹ್ನ ಹೋಗೋಣ ಅಂತಿದ್ದೇವೆ. ಎಂಟು ಟೇಬಲ್, ನಾಲ್ಕು ನಾಲ್ಕು ಕುರ್ಚಿ, 12:30ಕ್ಕೆ ಬಾಗಿಲು ತೆಗೀತಾರೆ.

ನಾವು ಆರು ಜನ. ಅಮ್ಮನಿಗೆ 74, ಮಂಡಿನೋವು, ಸಕ್ಕರೆ ಕಾಯಿಲೆ ಎರಡೂ ಇದೆ, ಸಸ್ಯಾಹಾರಿ, ಬೆಳ್ಳುಳ್ಳಿ ಆಗಲ್ಲ. ಪಕ್ಕದವರ ತಟ್ಟೆಯಲ್ಲಿ ಮೀನಿದ್ದರೆ ಅವರ ತಕರಾರಿಲ್ಲ. ಎಂಟು ವರ್ಷದ ಮಗಳು ಖಾರ ಮುಟ್ಟಲ್ಲ. ಇಬ್ಬರಿಗೆ ಮೀನೇ ಆಗಬೇಕು. ಉಳಿದಿಬ್ಬರಿಗೆ ಏನು ಬಡಿಸಿದರೂ ಸೈ.

ಎಷ್ಟು ಹೊತ್ತಿಗೆ ಹೋದರೆ ಆರು ಜನಕ್ಕೆ ಒಟ್ಟಿಗೆ ಜಾಗ ಸಿಗುತ್ತೆ? ನಾವು ಕೂರೋ ಹೊತ್ತಿಗೆ ಹಲಗೆಯಲ್ಲಿ ಅರ್ಧ ಐಟಂ ಅಳಿಸಿಬಿಟ್ಟಿದ್ದರೆ ಏನು ಮಾಡೋದು? ಮೊದಲು ಏನು ಹೇಳಬೇಕು? "ಸೂಪರ್ ಜಾಗ, ಹೋಗಿಬನ್ನಿ" ಅನ್ನೋ ಉತ್ತರ ಬೇಡ. ಒಳಗಿನ ಲೆಕ್ಕ ಗೊತ್ತಿರೋರು ಹೇಳಿ.


ಎರಡನೇ ಪಂಕ್ತಿ

ಇಂಥ ಜಾಗಕ್ಕೆ ಹೋಗೋರು ಹೊರಗೆ ನಿಂತಿರೋ ತಲೆ ಎಣಿಸ್ತಾರೆ. ಎಣಿಸಬೇಕಾದ್ದು ಗುಂಪು. ಇಬ್ಬರು ಬಂದರೂ ಒಂದು ಟೇಬಲ್, ನಾಲ್ವರು ಬಂದರೂ ಒಂದೇ ಟೇಬಲ್.

ಎಂಟು ಟೇಬಲ್, ಒಂದು ಗುಂಪು ಸರಾಸರಿ 45 ನಿಮಿಷ ಕೂರುತ್ತೆ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ ಐದೂವರೆ ನಿಮಿಷಕ್ಕೊಂದು ಟೇಬಲ್ ಖಾಲಿಯಾಗಬೇಕು. ಆದರೆ ಬಾಗಿಲು ತೆಗೆದ ಮೊದಲ ಎರಡು ಗಂಟೆ ಈ ಲೆಕ್ಕ ನಡೆಯಲ್ಲ. ಯಾಕೆ ಅಂದ್ರೆ 12:30ಕ್ಕೆ ಎಂಟೂ ಟೇಬಲ್ ಒಟ್ಟಿಗೆ ತುಂಬುತ್ತೆ, ಒಟ್ಟಿಗೆ ತುಂಬಿದ್ದು ಹೆಚ್ಚುಕಮ್ಮಿ ಒಟ್ಟಿಗೇ ಏಳುತ್ತೆ. ಒಂದು ಗಂಟೆ ತನಕ ಒಬ್ಬರೂ ಏಳಲ್ಲ. 1:05ರಿಂದ 1:30ರ ಒಳಗೆ ಎಲ್ಲಾ ಎದ್ದು, ಎರಡನೇ ಪಂಕ್ತಿ ಕೂತುಬಿಡುತ್ತೆ. ಆಮೇಲೆ ಮತ್ತೆ 1:50ರ ತನಕ ಸುಮ್ಮನೆ. ಮದುವೆ ಮನೆ ಊಟದ ಹಾಲ್ ಥರಾನೇ, ಎಲೆ ಎತ್ತೋದು ಮಾತ್ರ ಒಂದೇ ಸಲ ಅಲ್ಲ.

ಹಾಗಾಗಿ ಮೊದಲ ಪಂಕ್ತಿ ಕೂತ ಮೇಲೆ ಉಳಿದ ಪಟ್ಟಿಯಲ್ಲಿ ಎಂಟನೇ ಹೆಸರಿಗೂ ಒಂಬತ್ತನೇ ಹೆಸರಿಗೂ ಒಂದೇ ಸ್ಥಾನದ ವ್ಯತ್ಯಾಸ, ಕಾಯೋದರಲ್ಲಿ 20 ನಿಮಿಷದ ವ್ಯತ್ಯಾಸ. ಹೆಸರು ಬರೆಸುವಾಗ "ನಮ್ಮ ಮುಂದೆ ಎಷ್ಟು ಗುಂಪಿದೆ?" ಅಂತ ಕೇಳಿ. ಏಳರ ಒಳಗಿದ್ದರೆ ನಿಲ್ಲಿ. ಎಂಟು, ಒಂಬತ್ತು ಅಂದರೆ ಹೋಗಿ ಒಂದು ಸುತ್ತು ಓಡಾಡಿಕೊಂಡು ಬರಬಹುದು.

ಇನ್ನು ನಿಮ್ಮ ಆರು. ನಾಲ್ಕು ಕುರ್ಚಿಯ ಟೇಬಲ್ಲೇ ಎಲ್ಲಾ ಅಂದರೆ ನಿಮಗೆ ಬೇಕಾದ್ದು ಅಕ್ಕಪಕ್ಕದ ಎರಡು ಟೇಬಲ್ ಒಂದೇ ಹೊತ್ತಿಗೆ. ಎರಡನೇ ಪಂಕ್ತಿಯಲ್ಲಿ ಅದು ಅಪರೂಪ. ಒಂದು ಖಾಲಿಯಾದಾಗ ಪಕ್ಕದವರು ಇನ್ನೂ ಸಾರು ಕಲಸ್ತಾ ಇರ್ತಾರೆ. ಖಾಲಿ ಟೇಬಲನ್ನ ನಿಮಗೋಸ್ಕರ 15 ನಿಮಿಷ ಹಾಗೇ ಬಿಟ್ಟರೆ ಹೋಟೆಲಿನವರಿಗೆ ನಷ್ಟ. ಅದಕ್ಕೇ ನಿಮ್ಮ ಹೆಸರು ದಾಟಿಸಿ ಹಿಂದಿನ ಇಬ್ಬರನ್ನ ಕರೀತಾರೆ. ಜನ ಇದನ್ನ ಮೋಸ ಅಂದುಕೊಂಡು ಗಲಾಟೆ ಮಾಡ್ತಾರೆ. ಮೋಸ ಏನಿಲ್ಲ, ಟೇಬಲ್ ಅಳತೆಯ ಸಮಸ್ಯೆ ಅಷ್ಟೇ.

ಎಲ್ಲಾ ಟೇಬಲ್ ಖಾಲಿ ಇರೋದು ದಿನಕ್ಕೆ ಒಂದೇ ಸಲ, ಬಾಗಿಲು ತೆಗೆಯುವಾಗ. ಆಗ ಮಾತ್ರ ಎರಡು ಟೇಬಲ್ ಜೋಡಿಸೋಕೆ ಅವರೂ ಬೇಜಾರು ಮಾಡ್ಕೊಳ್ಳಲ್ಲ. ಒಬ್ಬರು 12 ಗಂಟೆಗೇ ಹೋಗಿ ಬಾಗಿಲಲ್ಲಿ ನಿಲ್ಲಿ, ಉಳಿದವರು 12:25ಕ್ಕೆ ಅಲ್ಲಿರಬೇಕು. "ಎಲ್ಲರೂ ಬಂದ ಮೇಲೇ ಕೂರಿಸೋದು" ಅನ್ನೋ ನಿಯಮ ಇಂಥ ಎಲ್ಲಾ ಕಡೆ ಇರುತ್ತೆ. ಇಬ್ಬರು ಬಂದು ನಾಲ್ಕು ಕುರ್ಚಿಗೆ ಚೀಲ ಇಟ್ಟುಕೊಂಡು "ಇನ್ನೇನು ಬಂದ್ರು" ಅಂದರೆ ಆರ್ಡರಿಲ್ಲದ ಟೇಬಲ್ ಅದು. ನಾಲ್ವರು ಬಂದು ಇಬ್ಬರು ಬಾರದಿದ್ದರೆ ನಿಮ್ಮ ಜೋಡಿ ಟೇಬಲ್ ಕೈತಪ್ಪಿತು ಅಂತಲೇ ಲೆಕ್ಕ.

ಮೊದಲ ಪಂಕ್ತಿ ತಪ್ಪಿದರೆ 4+2 ಅಂತ ಎರಡು ಹೆಸರು ಬರೆಸಿ.

ಮಳೆ ಬಗ್ಗೆ ಒಂದು ಮಾತು, ಜುಲೈ ಅಂದಿರಲ್ಲ. ಮಳೆ ಬಂದರೆ ಜನ ಕಮ್ಮಿ ಅಂದುಕೊಂಡು ಹೊರಡಬೇಡಿ. ಊಟಕ್ಕೆ ಮುಂಚೆ ಬಂದ ಮಳೆ ಸರದಿಯನ್ನ ಅರ್ಧ ಮಾಡುತ್ತೆ, ಸರಿ. ಊಟದ ನಡುವೆ ಜೋರಾಗಿ ಹಿಡಿದ ಮಳೆ ಮಾತ್ರ ಒಳಗೆ ಕೂತವರನ್ನ ಏಳಲು ಬಿಡಲ್ಲ. ಇನ್ನೊಂದು ಬೈ ಟು ಕಾಫಿ ಹೇಳಿ ಅಲ್ಲೇ ಕೂರ್ತಾರೆ. 45 ನಿಮಿಷದ ಊಟ 70 ಆಗುತ್ತೆ.


ಸೌಟು

ಮೇಲಿನವರು ಹಜಾರದ ಲೆಕ್ಕ ಹೇಳಿದ್ದಾರೆ, ನಾನು ಅಡುಗೆಮನೆಯದ್ದು ಹೇಳ್ತೀನಿ. ಹಲಗೆಯಿಂದ ಯಾವುದು ಮೊದಲು ಅಳಿಸಿ ಹೋಗುತ್ತೆ ಅನ್ನೋದನ್ನ ಮುಂಚೆಯೇ ಊಹಿಸಬಹುದು. ಎಲ್ಲರೂ ಕೇಳೋದೇ ಮೊದಲು ಮುಗಿಯುತ್ತೆ ಅಂತೇನಿಲ್ಲ. ಮಧ್ಯಾಹ್ನ ಮತ್ತೆ ಮಾಡೋಕೆ ಆಗದೇ ಇರೋದು ಮುಗಿಯುತ್ತೆ.

ಜುಲೈ ಕೊನೆ ಅಂದರೆ ಹಲಗೆಯಲ್ಲಿ ಪತ್ರೊಡೆ, ಕಳಲೆ (ಎಳೆ ಬಿದಿರು) ಎರಡೂ ಇರುವ ಸಾಧ್ಯತೆ ಜಾಸ್ತಿ. ಪತ್ರೊಡೆಗೆ ಅಕ್ಕಿ ನೆನೆಹಾಕಿ, ಹುಣಸೆಹಣ್ಣು, ಮೆಣಸಿನಕಾಯಿ, ಕೊತ್ತಂಬರಿ ಜತೆ ರುಬ್ಬಿ, ಕೆಸುವಿನೆಲೆಯ ದಪ್ಪ ನಾರು ಚಾಕುವಿನಲ್ಲಿ ತೆಗೆದು, ಎಲೆ ಮೇಲೆ ಎಲೆ ಹಿಟ್ಟು ಸವರಿ ಸುತ್ತಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಬೆಯಲ್ಲಿ ಬೇಯಿಸಬೇಕು. ಅರೆಬೆಂದರೆ ಗಂಟಲು ತುರಿಸುತ್ತೆ, ಎಲೆಯಲ್ಲಿರುವ ಆಕ್ಸಲೇಟ್ ಹರಳಿನ ಕೆಲಸ ಅದು. ಹುಣಸೆಹುಳಿ ಹಾಕೋದು ರುಚಿಗಷ್ಟೇ ಅಲ್ಲ, ಆ ತುರಿಕೆಗೂ ಅದೇ ಮದ್ದು. ಇಷ್ಟೆಲ್ಲಾ ಒಂದೂವರೆ ಗಂಟೆಗೆ ಮತ್ತೆ ಶುರುಮಾಡೋಕೆ ಯಾವ ಭಟ್ಟರೂ ಕೈಹಾಕಲ್ಲ. ಬೆಳಗ್ಗೆ ಎಷ್ಟು ಸುರುಳಿ ಬೇಯಿಸಿದರೋ ಅಷ್ಟೇ. ಒಂದು ಸುರುಳಿ ಕೊಯ್ದರೆ ಎಂಟು ಹತ್ತು ಬಿಲ್ಲೆ, ತಟ್ಟೆಗೆ ಮೂರು ನಾಲ್ಕು. ಹತ್ತು ಸುರುಳಿ ಮಾಡಿದ್ದರೆ 25, 30 ತಟ್ಟೆ ದಾಟಲ್ಲ.

ಕಳಲೆ ಇನ್ನೂ ಬಿಗಿ. ಸಿಪ್ಪೆ ಸುಲಿದು ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತೆ, ಕಹಿ ಅದರದ್ದೇ. ಭಾನುವಾರದ ಕಳಲೆ ಗುರುವಾರವೇ ನೀರಿಗೆ ಬಿದ್ದಿರಬೇಕು. ಅಂಥದ್ದಕ್ಕೆ "ಇನ್ನೊಂದು ಸ್ವಲ್ಪ ಮಾಡಿಕೊಡಿ" ಅಂದರೆ ಆಗೋ ಮಾತಲ್ಲ.

ಅದೇ ತಂಬುಳಿ ಯಾವತ್ತೂ ಮುಗಿಯಲ್ಲ. ಒಂದೆಲಗವೋ ದೊಡ್ಡಪತ್ರೆಯೋ ಬಾಡಿಸಿ, ಕಾಯಿ, ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಹತ್ತು ನಿಮಿಷದ ಕೆಲಸ. ಕೋಸಂಬರಿ, ಗೊಜ್ಜು, ತಿಳಿಸಾರು ಕೂಡ ಹಾಗೇ, ಕಡಿಮೆ ಬಿದ್ದರೆ ಮತ್ತೆ ಆಗುತ್ತೆ. ಆದ್ದರಿಂದ ಕೂತ ತಕ್ಷಣ, ನೀರು ತರೋ ಹುಡುಗನ ಹತ್ತಿರವೇ "ಎರಡು ಪತ್ರೊಡೆ, ಎರಡು ಕಳಲೆ ಪಲ್ಯ ತೆಗೆದಿಡಿ, ಉಳಿದದ್ದು ಆಮೇಲೆ ಹೇಳ್ತೀವಿ" ಅಂತ ಹೇಳಿಬಿಡಿ. ಆರೂ ಜನ ಹಲಗೆ ಓದಿ ಚರ್ಚೆ ಮಾಡಿ ಮುಗಿಸೋ ಹತ್ತು ನಿಮಿಷದಲ್ಲಿ ಪಕ್ಕದ ಮೂರು ಟೇಬಲ್ಲಿನವರು ಪತ್ರೊಡೆ ಹೇಳಿರ್ತಾರೆ.

ಅನ್ನವೂ ಕೈಕೊಡಬಹುದು. ಒಂದು ಕೆಜಿ ಸೋನಾ ಮಸೂರಿ ಎಂಟರಿಂದ ಹತ್ತು ಊಟಕ್ಕೆ ಬರುತ್ತೆ. 60 ಊಟ ಎಣಿಸಿ ಆರೇಳು ಕೆಜಿ ಇಟ್ಟು, 75 ಜನ ಬಂದರೆ ಎರಡು ಗಂಟೆ ಹೊತ್ತಿಗೆ ಒಂದು 25 ನಿಮಿಷ ಅನ್ನವಿಲ್ಲ. ಬುಕಿಂಗ್ ಇಲ್ಲದ ಕಡೆ ಎಷ್ಟು ಜನ ಬರ್ತಾರೆ ಅಂತ ಅವರಿಗೂ ಗೊತ್ತಿರಲ್ಲವಲ್ಲ. ಮೆನು ದಿನಾ ಬದಲಾಗೋದಕ್ಕೆ ಒಂದು ಕಾರಣವೂ ಇದೇ: ಮಾರುಕಟ್ಟೆಯಲ್ಲಿ ಬೆಳಗ್ಗೆ ಏನು ಚೆನ್ನಾಗಿ ಸಿಕ್ಕಿತೋ ಅದನ್ನ ಅಳತೆಯಾಗಿ ತಂದು, ಅವತ್ತೇ ಖಾಲಿ ಮಾಡಬೇಕು. ನೆನ್ನೆಯ ಉಳಿಕೆ ಇವತ್ತಿನ ಹಲಗೆಗೆ ಬರಬಾರದು. ಒಂದು ಜಾಗದಲ್ಲಿ ಎರಡೂವರೆಗೂ ಹಲಗೆಯ ಹದಿನೈದಕ್ಕೆ ಹದಿನೈದೂ ಐಟಂ ಸಿಗ್ತಾ ಇದ್ದರೆ ನನಗೆ ಸ್ವಲ್ಪ ಅನುಮಾನ ಬರುತ್ತೆ.

ಅಮ್ಮನ ಬೆಳ್ಳುಳ್ಳಿ ವಿಚಾರ. "ಬೆಳ್ಳುಳ್ಳಿ ಹಾಕಬೇಡಿ" ಅಂತ ಹೇಳೋದರಿಂದ ಪ್ರಯೋಜನ ಇಲ್ಲ. ಸಾರು, ಹುಳಿ, ಗಸಿ (ಕರಾವಳಿಯ ಕಾಯಿ ಮಸಾಲೆ ಸಾರು) ಎಲ್ಲಾ ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಆಗಿಹೋಗಿದೆ, ಅದರಿಂದ ಹೆಕ್ಕಿ ತೆಗೆಯೋಕಾಗಲ್ಲ. "ಬೆಳ್ಳುಳ್ಳಿ ಬೀಳದ ಪದಾರ್ಥ ಯಾವುದಿದೆ?" ಅಂತ ಕೇಳಿ. ತಂಬುಳಿ, ಕೋಸಂಬರಿ, ಸಾಸಿವೆ (ಸಾಸಿವೆ ಅರೆದು ಮೊಸರು ಹಾಕೋ ಪದಾರ್ಥ) ಇಂಥವಕ್ಕೆ ಸಾಮಾನ್ಯವಾಗಿ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ, ಅದೂ ಬಡಿಸೋಕೆ ಮುಂಚೆ ಹಾಕೋದು. ಬೆಳ್ಳುಳ್ಳಿ ಇದ್ದರೂ ಒಂದು ಬಟ್ಟಲಿಗೆ ಬಿಟ್ಟುಕೊಡೋಕೆ ಸಾಧ್ಯ. ಹಾಗೇ, ನಿಮಗಲ್ಲದಿದ್ದರೂ ಓದೋರಿಗೆ ಬೇಕಾಗಬಹುದು: ಗೋಧಿ ಆಗದವರು ಇಂಗಿನ ಬಗ್ಗೆಯೂ ಕೇಳಬೇಕು. ಡಬ್ಬಿಯಲ್ಲಿ ಬರೋ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತೆ.


ಕುಡ್ಲದ ಗಾಳಿ

ಮೀನು ಬೇಕು ಅಂದಿದ್ದೀರಿ, ಅದೂ ಜುಲೈಯಲ್ಲಿ! ಸ್ವಲ್ಪ ಕಷ್ಟ ಉಂಟು ಮಾರಾಯ್ರೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಒಟ್ಟು 61 ದಿನ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ನಾಡದೋಣಿಯವರು ಹತ್ತಿರದಲ್ಲಿ ಹಿಡಿದದ್ದು ಸ್ವಲ್ಪ ಬರುತ್ತದೆ, ಆದರೆ ಅದು ಮಂಗಳೂರು, ಮಲ್ಪೆಯಲ್ಲೇ ಖರ್ಚಾಗುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14, ಹಾಗಾಗಿ ಜುಲೈಯಲ್ಲಿ ಬೆಂಗಳೂರಿಗೆ ಆ ಕಡೆಯಿಂದ ಮೀನು ಬರುವುದುಂಟು. ಹಲಗೆಯಲ್ಲಿ ಅಂಜಲ್, ಕಾಣೆ ಬರೆದಿದ್ದರೆ "ಇದು ಐಸಿನಲ್ಲಿ ಬಂದದ್ದೋ, ಫ್ರೀಜ್ ಮಾಡಿದ್ದೋ?" ಎಂದು ಕೇಳಿ. ನಾಚಿಕೆ ಬೇಡ. ಒಳ್ಳೆಯ ಜಾಗದವರು ನೇರ ಹೇಳುತ್ತಾರೆ. ಫ್ರೀಜ್ ಮಾಡಿದ ಮೀನು ತವಾದ ಮೇಲೆ ನೀರು ಬಿಡುತ್ತದೆ, ಮಸಾಲೆ ಹಿಡಿಯದೆ ಪದರ ಎದ್ದು ಬರುತ್ತದೆ. ಅಂಥದ್ದನ್ನು ಫ್ರೈ ಬಿಟ್ಟು ಗಸಿಯಲ್ಲಿ ತಿನ್ನುವುದು ವಾಸಿ. ಈ ಕಾಲದಲ್ಲಿ ನಾನು ಹೇಳುವುದು ಒಣಮೀನಿನ ಚಟ್ನಿ, ಎಟ್ಟಿ (ಒಣ ಸೀಗಡಿ) ಚಟ್ನಿ. ಮಳೆಗಾಲಕ್ಕೆಂದೇ ಬೇಸಿಗೆಯಲ್ಲಿ ಒಣಗಿಸಿಟ್ಟದ್ದು ಅದು, ಕುಚ್ಚಲಕ್ಕಿ ಅನ್ನದ ಜೊತೆ ಬೇರೇನೂ ಬೇಡ.

ಹಲಗೆಯಲ್ಲಿ ಮೀನಿನ ಎದುರು ರೇಟಿನ ಬದಲು "ದಿನದ ಬೆಲೆ" ಎಂದಿದ್ದರೆ ಹೇಳುವ ಮೊದಲೇ ಮೂರು ವಿಷಯ ಕೇಳಿ: ಬೆಲೆ ಒಂದು ತುಂಡಿಗೋ ಇಡೀ ಮೀನಿಗೋ? ತೂಕಕ್ಕಾದರೆ ಶುಚಿ ಮಾಡುವ ಮೊದಲಿನ ತೂಕವೋ, ನಂತರದ್ದೋ? ಇವತ್ತಿನ ಮೀನು ಎಷ್ಟು ದೊಡ್ಡದು? ತಲೆ, ಕರುಳು, ರೆಕ್ಕೆ ತೆಗೆದರೆ ತೂಕ ಚೆನ್ನಾಗಿ ಇಳಿಯುತ್ತದೆ. ಬಿಲ್ ಬಂದ ಮೇಲೆ ಆಗುವ ಜಗಳ ಎಲ್ಲಾ ಇಲ್ಲಿಂದಲೇ ಶುರು.

ನೀರುದೋಸೆಯ ಬಗ್ಗೆಯೂ ಒಂದು ಲೆಕ್ಕ ಹೇಳುತ್ತೇನೆ. ನೀರುದೋಸೆ ಒಂದು ಕಾವಲಿಗೆ ಒಂದೇ. ಹಿಟ್ಟು ಮಜ್ಜಿಗೆಗಿಂತ ತೆಳು, ಎತ್ತರದಿಂದ ಎರಚಿ ಹೊಯ್ಯುವುದು, ಮುಚ್ಚಿ ಬೇಯಿಸುವುದು, ತಿರುವಿ ಹಾಕುವುದಿಲ್ಲ. ಒಂದಕ್ಕೆ ಒಂದೂವರೆ ಎರಡು ನಿಮಿಷ ಬೇಕೇಬೇಕು. ಮೊದಲೇ ಹೊಯ್ದು ಒಂದರ ಮೇಲೊಂದು ಬಿಸಿಬಿಸಿ ಪೇರಿಸಿದರೆ ಅಂಟಿಕೊಂಡು ಮುದ್ದೆಯಾಗುತ್ತದೆ, ಹಾಗಾಗಿ ಸ್ಟಾಕ್ ಇಡುವಂತಿಲ್ಲ. ಆರು ಜನ ತಲಾ ಮೂರು ಹೇಳಿದರೆ 18 ದೋಸೆ. ಎರಡು ಕಾವಲಿ ಇದ್ದರೂ ಕಾಲು ಗಂಟೆಯ ಮೇಲೆ, ಅದೂ ಬೇರೆ ಟೇಬಲ್ಲಿನ ಆರ್ಡರ್ ಇಲ್ಲದಿದ್ದರೆ. ಎಲ್ಲರಿಗೂ ನೀರುದೋಸೆ ಹೇಳಬೇಡಿ. ಮೂವರು ಅನ್ನ, ಒಬ್ಬರು ಕೋರಿರೊಟ್ಟಿ (ಕೋಳಿ ಗಸಿಯ ಜೊತೆ ಒಣ ರೊಟ್ಟಿ), ಇಬ್ಬರು ದೋಸೆ ಎಂದರೆ ಎಲ್ಲರ ತಟ್ಟೆಯೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತದೆ.

ಮಗುವಿಗೆ ನೀರುದೋಸೆ, ಕಾಯಿಬೆಲ್ಲ. ತೆಂಗಿನ ತುರಿಗೆ ಬೆಲ್ಲ ಕಲಸಿದ್ದು, ಹಲಗೆಯಲ್ಲಿ ಬರೆದಿರುವುದಿಲ್ಲ, ಕೇಳಿದರೆ ಕೊಡುತ್ತಾರೆ. "ಗಸಿಯನ್ನೇ ಖಾರ ಕಮ್ಮಿ ಮಾಡಿ ಕೊಡಿ" ಎನ್ನಬೇಡಿ. ಮಸಾಲೆ ಅರೆದಾಗಿದೆ, ತೆಂಗಿನಹಾಲು ಸೇರಿಸಿ ಸ್ವಲ್ಪ ತಗ್ಗಿಸಬಹುದು, ಅಷ್ಟೇ.


ಸಪ್ಪೆ ಸಾರು

ಬೇರೆಯವರಿಗೆ ಬೇಜಾರಾಗಬಹುದು, ಆದರೂ ಹೇಳ್ತೀನಿ. ಮಂಡಿನೋವಿರೋ 74 ವರ್ಷದವರನ್ನ ಭಾನುವಾರ ಮಧ್ಯಾಹ್ನ ಬುಕಿಂಗ್ ಇಲ್ಲದ ಜಾಗಕ್ಕೆ ಕರ್ಕೊಂಡು ಹೋಗೋದು ಅಷ್ಟು ಒಳ್ಳೇ ಯೋಚನೆ ಅಲ್ಲ. ಹೊಸ ಸ್ಟೈಲಿನ ಈ ಜಾಗಗಳಲ್ಲಿ ಸಿಮೆಂಟಿನ ಜಗಲಿ, ಬೆನ್ನಿಲ್ಲದ ಸ್ಟೂಲು, ಬಾಗಿಲಿಗೆ ಕೈಹಿಡಿ ಇಲ್ಲದ ಮೂರು ಮೆಟ್ಟಿಲು, ಟಾಯ್ಲೆಟ್ ಮಹಡಿ ಮೇಲೆ. ಫೋಟೋದಲ್ಲಿ ಚೆಂದ. ಗುರುವಾರ, ಬುಧವಾರ ಹೋಗಿ. ಅದೇ ಅಡುಗೆ, ಅರ್ಧ ಜನ.

ಸರದಿ ಇದ್ದರೂ ಪರವಾಗಿಲ್ಲ, ಹಳೇ ಪದ್ಧತಿ ಸಾಕು ಅಂದರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇದೆಯಲ್ಲ. 1924ರಿಂದ ಜನ ಕಾಯ್ತಾ ಇದ್ದಾರೆ, ಕಾಯೋರನ್ನ ಹೇಗೆ ನಿಭಾಯಿಸಬೇಕು ಅನ್ನೋದು ಅವರಿಗೆ ಕರಗತ. ಆದರೆ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಆರು ಜನ ಒಟ್ಟಿಗೆ ಕೂರೋ ಆಸೆ ಇಟ್ಕೊಂಡು ಹೋಗಬೇಡಿ. ಅಲ್ಲಿ ಬಾಗಿಲಲ್ಲಿ ಹೆಸರು ಬರೆಸೋದು, ಕರೆದಾಗ ಹೋಗಿ ಅಪರಿಚಿತರ ಜತೆ ಟೇಬಲ್ ಹಂಚಿಕೊಳ್ಳೋದು. ಅದಕ್ಕೇ ಸರದಿ ಬೇಗ ಓಡುತ್ತೆ, ಒಂದು ಕುರ್ಚಿಯೂ ಖಾಲಿ ಬಿಡಲ್ಲ. ಟೇಬಲ್ ಹಂಚಿಕೊಳ್ಳೋಕೆ ನಾಚಿಕೊಳ್ಳೋ ಈ ಹೊಸ ಜಾಗಗಳು ಅದನ್ನ ಕಲಿತರೆ ಹೊರಗೆ ಅಷ್ಟು ಜನ ನಿಲ್ಲಬೇಕಾಗೇ ಇಲ್ಲ.


ಎರಡನೇ ಪಂಕ್ತಿ

@ಸಪ್ಪೆ ಸಾರು: ವಾರದ ದಿನ ಹೋಗಿ ಅನ್ನೋದು ಒಪ್ಪಿದೆ. ಟೇಬಲ್ ಹಂಚಿಕೊಳ್ಳೋದು ಮಾತ್ರ ಎಲ್ಲಾ ಕಡೆ ನಡೆಯಲ್ಲ. ದೋಸೆ, ಕಾಫಿ 20 ನಿಮಿಷದ್ದು, ತಟ್ಟೆ ಒಂದು, ಲೋಟ ಒಂದು. ಇಲ್ಲಿ ಒಬ್ಬೊಬ್ಬರ ಮುಂದೆ ಐದಾರು ಬಟ್ಟಲು ಬರುತ್ತೆ, ನಡುವೆ ಹಂಚಿ ತಿನ್ನೋ ಪಾತ್ರೆ ಬೇರೆ. ಅಪರಿಚಿತರ ನಡುವೆ ಪತ್ರೊಡೆ ತಟ್ಟೆ ಎಲ್ಲಿಡ್ತೀರಿ?


ಗಿರಿನಗರ ಗುಂಡ

ಎಲ್ಲರಿಗೂ ಧನ್ಯವಾದ. ಮಗಳ ಶಾಲೆ, ಮನೆಯವರ ರಜೆ ಎರಡೂ ನೋಡಿದರೆ ಭಾನುವಾರ ಬಿಟ್ಟು ಬೇರೆ ದಿನ ಆಗಲ್ಲ. ಮೊದಲ ಪಂಕ್ತಿಗೇ ನಾನು 12ಕ್ಕೆ ಹೋಗಿ ನಿಲ್ತೀನಿ.

ಇನ್ನೂ ನಾಲ್ಕು ಸಂದೇಹ. ಹಲಗೆಯಲ್ಲಿ ಏನಿದೆ ಅಂತ ಹೊರಡೋ ಮುಂಚೆ ತಿಳಿಯೋದು ಹೇಗೆ? ಪಟ್ಟಿಯಲ್ಲಿ ಹೆಸರು ಕರೆದಾಗ ನಾವು ಅಲ್ಲಿರದಿದ್ದರೆ ಏನಾಗುತ್ತೆ? ಅಮ್ಮ ಊಟಕ್ಕೆ ಮುಂಚೆ ಇನ್ಸುಲಿನ್ ತಗೋಬೇಕು, ಅದನ್ನ ಯಾವಾಗ ತಗೊಳ್ಳೋದು? ಬಿಲ್ಲಿನಲ್ಲಿ ನೋಡಬೇಕಾದ್ದು ಏನಾದರೂ ಇದೆಯಾ?


ಸೌಟು

ಫೋನ್ ಮಾಡಿದರೆ ಬುಕಿಂಗ್ ಸಿಗಲ್ಲ ನಿಜ, ಮಾಹಿತಿ ಸಿಗುತ್ತೆ. 11ರಿಂದ 11:45ರ ನಡುವೆ ಮಾಡಿ. ಅದಕ್ಕೆ ಮುಂಚೆ ಹಲಗೆ ಬರೆದಿರಲ್ಲ, 12:15ರ ಮೇಲೆ ಫೋನ್ ಎತ್ತೋರಿರಲ್ಲ. ಒಂದೇ ಉಸಿರಿಗೆ ಕೇಳಿ: ಇವತ್ತು ಪತ್ರೊಡೆ ಇದೆಯಾ, ಬೆಳ್ಳುಳ್ಳಿ ಇಲ್ಲದ್ದು ಏನಿದೆ, ಬೆನ್ನಿರೋ ಕುರ್ಚಿ ಒಂದು ಸಿಗುತ್ತಾ, ಟಾಯ್ಲೆಟ್ ಕೆಳಗಿದೆಯಾ. ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಹಲಗೆಯ ಫೋಟೋ ಹಾಕೋರಿದ್ದಾರೆ, ಆದರೆ ಸ್ಟೋರಿ 24 ಗಂಟೆ ಉಳಿಯುತ್ತೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ನೀವು ನೋಡ್ತಾ ಇರೋದು ಶನಿವಾರದ ಹಲಗೆ. ಎಷ್ಟು ಗಂಟೆ ಹಿಂದಿನದು ಅಂತ ಮೇಲೆ ಬರೆದಿರುತ್ತೆ, ನೋಡಿಕೊಳ್ಳಿ.

ಇನ್ಸುಲಿನ್ ಎಷ್ಟು, ಯಾವುದು ಅನ್ನೋದು ಅವರ ಡಾಕ್ಟರ್ ಹೇಳಬೇಕು, ಹೊರಡೋ ಮುಂಚೆ ಒಂದು ಮಾತು ಕೇಳಿಟ್ಟುಕೊಳ್ಳಿ. ಹೋಟೆಲಿನ ಕಡೆಯಿಂದ ಹೇಳೋದಾದರೆ ಸರದಿಯಲ್ಲಿ ನಿಂತಾಗ, "ಇನ್ನು ಐದು ನಿಮಿಷ" ಅಂದಾಗ ತಗೊಳ್ಳಬೇಡಿ. ಹೋಟೆಲಿನ ಐದು ನಿಮಿಷ 25 ಆಗೋದು ಸಾಮಾನ್ಯ. ಇನ್ಸುಲಿನ್ ಒಳಗೆ ಹೋಗಿ ಊಟ ಬರದಿದ್ದರೆ ಸಕ್ಕರೆ ಇಳಿದು ತಲೆಸುತ್ತು ಬರುತ್ತೆ. ಅಮ್ಮನ ಅನ್ನ, ತಂಬುಳಿ ಮೊದಲು ತರೋಕೆ ಹೇಳಿ, ತಟ್ಟೆ ಕಣ್ಣಿಗೆ ಬಿದ್ದ ಮೇಲೆ ನೋಡಿ. ಮೀನು, ದೋಸೆ ಆಮೇಲೆ ಬರಲಿ. ಕೈಯಲ್ಲಿ ಗ್ಲೂಕೋಸ್ ಪುಡಿಯೋ ಬಿಸ್ಕೆಟ್ಟೋ ಇರಲಿ.


ಎರಡನೇ ಪಂಕ್ತಿ

ಹೆಸರು ಕರೆದಾಗ ಇರದಿದ್ದರೆ: ಪುಸ್ತಕದಲ್ಲಿ ಬರೆಯೋ ಕಡೆ ಎರಡು ಮೂರು ಸಲ ಕೂಗಿ ಮುಂದಿನವರಿಗೆ ಹೋಗ್ತಾರೆ. ನೀವು ಹತ್ತು ನಿಮಿಷದ ಒಳಗೆ ಬಂದರೆ ಮುಂದಿನ ಟೇಬಲ್ ಸಿಗಬಹುದು, ತಡವಾದರೆ ಪಟ್ಟಿಯ ಕೊನೆಗೆ. ಮೊಬೈಲಿಗೆ ಮೆಸೇಜ್ ಕಳಿಸೋ ಕಡೆ ನಂಬರ್ ತಪ್ಪು ಬರೆದುಕೊಳ್ಳೋದೇ ದೊಡ್ಡ ಕಾಟ. ಬರೆಸಿದ ಮೇಲೆ ಒಮ್ಮೆ ತಿರುಗಿ ಓದಿಸಿ. ಇನ್ನೊಂದು, ಹೆಸರು ಮಂಜು, ರವಿ, ಸುಮಾ ಅಂತ ಕೊಟ್ಟರೆ ಕೂಗಿದಾಗ ಮೂವರು ಏಳ್ತಾರೆ. "ಗಿರಿನಗರ ಆರು ಜನ" ಅಂತ ಬರೆಸಿ, ಯಾರೂ ಅಡ್ಡ ಬರಲ್ಲ.

ಹೆಸರು ಬರೆಯೋ ಹುಡುಗನ ಹತ್ತಿರ "ವಯಸ್ಸಾದವರಿದ್ದಾರೆ, ಬೇಗ ಬಿಡಿ" ಅಂದರೆ ಕೆಲಸ ಆಗಲ್ಲ, ಹಿಂದಿನವರೂ ಅದೇ ಹೇಳಿರ್ತಾರೆ. "ಒಂದು ಕುರ್ಚಿ ಹೊರಗೆ ಹಾಕಿಕೊಡ್ತೀರಾ?" ಅಂದರೆ ತಕ್ಷಣ ಹಾಕಿಕೊಡ್ತಾನೆ. ಒಳಗೆ ಕೂರುವಾಗ ಅಮ್ಮನಿಗೆ ಗೋಡೆ ಪಕ್ಕದ ತುದಿ ಕುರ್ಚಿ. ನಡುವಿನದಾದರೆ ಕೈತೊಳೆಯೋಕೆ ಎದ್ದಾಗಲೆಲ್ಲ ಇಬ್ಬರು ಏಳಬೇಕು.

ಶ್ರಾವಣ ಶುರುವಾಗಿದ್ದರೆ ಇನ್ನೊಂದು ಬದಲಾವಣೆ ಇರುತ್ತೆ. ಮೀನು, ಕೋಳಿ ಬಿಟ್ಟವರೆಲ್ಲ ಸಸ್ಯಾಹಾರದ ಕಡೆ ತಿರುಗ್ತಾರೆ, ಪತ್ರೊಡೆ ಇನ್ನೂ ಬೇಗ ಖಾಲಿ. ಕ್ಯಾಲೆಂಡರ್ ನೋಡಿಕೊಳ್ಳಿ.


ಗಲ್ಲಾ ಮೂಲೆ

ಬಿಲ್ ಬಗ್ಗೆ. ಇಂಥ ಹೋಟೆಲಿಗೆ ಜಿಎಸ್‌ಟಿ ಶೇ 5, ಬಿಲ್ಲಿನಲ್ಲಿ 2.5 + 2.5 ಅಂತ ಎರಡು ಸಾಲಾಗಿ ಬರುತ್ತೆ. ಅದರ ಮೇಲೆ "ಸರ್ವಿಸ್ ಚಾರ್ಜ್" ಅಂತ ತಾನಾಗೇ ಸೇರಿಸೋ ಹಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನ ಎತ್ತಿಹಿಡಿದಿದೆ. ಇದ್ದರೆ ತೆಗೆಸಿ, ಸಪ್ಲಾಯರಿಗೆ ಕೈಗೇ ಕೊಡಿ.

ಜೋಡಿ ಟೇಬಲ್ ಆದಾಗ ಆಗೋ ಎಡವಟ್ಟು ಒಂದಿದೆ. ಎರಡು ಟೇಬಲ್ಲಿಗೆ ಎರಡು ನಂಬರ್, ಒಂದು ಕಡೆ ಹೇಳಿದ ಪತ್ರೊಡೆ ಎರಡೂ ಬಿಲ್ಲಿಗೆ ಹತ್ತುತ್ತೆ, ಇಲ್ಲಾ ಎರಡರಲ್ಲೂ ಹತ್ತದೆ ಕೊನೆಯಲ್ಲಿ ಹುಡುಗ ಬಂದು ಮತ್ತೆ ಎಣಿಸ್ತಾನೆ. ಕೂರುವಾಗಲೇ "ಒಂದೇ ಬಿಲ್" ಅಂತ ಹೇಳಿಬಿಡಿ, ಆರ್ಡರ್ ಒಬ್ಬರೇ ಹೇಳಿ.

ಕಾಫಿ ಹೇಳುವಾಗಲೇ ಬಿಲ್ಲೂ ಕೇಳಿ. ಬಿಲ್ಲಿಗೆ ಕಾದು, ಮೊಬೈಲ್ ನೆಟ್‌ವರ್ಕಿಗೆ ಕಾದು, ಹತ್ತು ನಿಮಿಷ ಹಾಗೇ ಹೋಗುತ್ತೆ. ಹಳೇ ಮನೆಗಳ ದಪ್ಪ ಗೋಡೆ ಒಳಗೆ ಯುಪಿಐ ಸುತ್ತುತ್ತಾ ನಿಲ್ಲೋದು ದಿನಾ ನೋಡೋ ವಿಚಾರ, ಸ್ವಲ್ಪ ನಗದು ಇಟ್ಟುಕೊಳ್ಳಿ.


ಕುಡ್ಲದ ಗಾಳಿ

ಒಂದು ಬಿಟ್ಟುಹೋಯಿತು. ಪಾರ್ಸೆಲ್ ತೆಗೆದುಕೊಳ್ಳುವ ಯೋಚನೆ ಇದ್ದರೆ ನೀರುದೋಸೆ ಬೇಡವೇ ಬೇಡ, ಮನೆ ಮುಟ್ಟುವಾಗ ಒಂದೇ ಉಂಡೆ. ಕೋರಿರೊಟ್ಟಿ ಒಳ್ಳೆಯದು, ರೊಟ್ಟಿ ಗರಿಗರಿ ಒಣಗಿದ್ದೇ ಅಲ್ವಾ, ಗಸಿ ಬೇರೆ ಡಬ್ಬಿಯಲ್ಲಿ ಹಾಕಿಸಿ. ಪತ್ರೊಡೆ ಉಳಿದಿದ್ದರೆ ಇಡೀ ಸುರುಳಿಯನ್ನೇ ಕೊಯ್ಯದೆ ಕೊಡಲು ಹೇಳಿ. ಮಾರನೇ ದಿನ ತೆಳ್ಳಗೆ ಬಿಲ್ಲೆ ಮಾಡಿ, ತೆಂಗಿನೆಣ್ಣೆ ಹಾಕಿ ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿ. ಹೊಸದಾಗಿ ಬೆಂದದ್ದಕ್ಕಿಂತ ಅದೇ ರುಚಿ ಎನ್ನುವವರು ನಮ್ಮ ಕಡೆ ಬೇಕಾದಷ್ಟು ಜನ ಉಂಟು.